ಗೋಡೆಯ ಈಚೆಗೊಂದು ಕಿಟಕಿ, ಆಚೆಗೊಂದು

"ಹೊಳಿ ಬಂದ ವರ್ಷ ನಮ್ಮ ಮನಿ ಕಿಡಕಿ ನೀರಾಗ ನೆಂದು ಕಳಚಿ ಬಿದ್ವು. ಹಿರ್ಯಾರು ಜಮಖಂಡಿಗೆ ಹೋಗಿ ಅರಮನಿ ಬಡಿಗ್ಯಾನ್ನ ಕರಕೊಂಡ ಬಂದ್ರು. ಅಂವಾ ಎಂಟ ದಿನ ಕುಂತು ಕೂಡಿಸಿ ಕೊಟ್ಟ. ಇವತ್ತಿಗೂ ಒಂದ ಕೂದಲೆಳಿಯಷ್ಟ ಸಂದು ಬಿಟ್ಟಿಲ್ಲ."

ನಮ್ಮ ಮನೆತನದಲ್ಲಿ ತೊಟ್ಟಿಲು ಕಟ್ಟಿದಾಗ, ಬೀಗರು ಬಂದು ಕುಳಿತಾಗ, ಹೊಸ ಸೊಸೆಗೆ ಮನೆ ತೋರಿಸುವಾಗ ಹೇಳುತ್ತ ಬಂದ ಮಾತು ಇದು. ನಾನು ಇದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಹೇಳುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆಂಬುದೂ ನನಗೆ ಗೊತ್ತು. ಈ ನಾಲ್ಕು ವಾಕ್ಯಗಳಲ್ಲಿ ಕೊನೆಯದೊಂದು ಮಾತ್ರ ನಿಜ. ಮೊದಲನೆಯದನ್ನು ಸುಳ್ಳೆಂದು ತೋರಿಸಲು ವಿದ್ಯೆಯೇನೂ ಬೇಕಾಗಿಲ್ಲ. ರಬಕವಿಯಲ್ಲಿ ಕೃಷ್ಣೆ ಏರಿ ಬಂದಾಗ ನೀರು ಎಲ್ಲಿಯವರೆಗೆ ನಿಂತಿತ್ತೆಂಬುದನ್ನು ಕೆಳಗಿನ ಓಣಿಯ ಗುಡಿಯ ಮೆಟ್ಟಿಲ ಮೇಲೆ ಗೆರೆ ಕೊರೆದು ಇಟ್ಟಿದ್ದಾರೆ. ಆ ಗೆರೆಯಿಂದ ನಮ್ಮ ಹೊಸ್ತಿಲು ಎರಡು ಆಳಿನಷ್ಟು ಎತ್ತರದಲ್ಲಿದೆ. ನೀರು ಏರು ಹತ್ತಿ ಬಂದು, ಗೋಡೆ ಬಾಗಿಲುಗಳನ್ನೆಲ್ಲ ಬಿಟ್ಟು ಎರಡು ಕಿಟಕಿಗಳನ್ನಷ್ಟೇ ಕೆಡವಿ ಹೋಗುವುದಿಲ್ಲ. ಉಳಿದ ಎರಡು ವಾಕ್ಯಗಳ ವಿಷಯ ನನಗೆ ಬೇರೆ ರೀತಿಯಲ್ಲಿ ಗೊತ್ತಿದೆ. ಆ ಸುಳ್ಳು ಹುಟ್ಟಿದ ಗಳಿಗೆಯಲ್ಲಿ ನಾನು ಅಲ್ಲಿಯೇ ಇದ್ದೆ.

ಇಷ್ಟು ವರ್ಷ ಸುಮ್ಮನಿದ್ದು ಈಗ ಬರೆಯಲು ಕಾರಣ ಪ್ರವೀಣ. ಅವನು ನನ್ನ ದೊಡ್ಡಪ್ಪನ ಮೊಮ್ಮಗ, ಸಾವಳಗಿಯ ಹೈಸ್ಕೂಲಿನಲ್ಲಿ ಮಾಸ್ತರ. ನಮ್ಮ ಹಳೆಯ ಮನೆ ಎಂದೋ ಎರಡು ಪಾಲಾಗಿದೆ. ಒಂದರಲ್ಲಿ ನಾನಿದ್ದೇನೆ, ಗೋಡೆಯ ಆಚೆಗಿನದರಲ್ಲಿ ಅವನಿದ್ದಾನೆ. ಈ ವರ್ಷ ತನ್ನ ಪಾಲನ್ನು ರಿಪೇರಿಗೆ ತೆಗೆದಿದ್ದಾನೆ. ಮನೆ ಪೂಜೆಯ ದಿನ ಹಂಚಲು ಮನೆತನದ ಒಂದು ಪುಸ್ತಿಕೆ ಮಾಡಿಸಬೇಕೆಂದು ನನ್ನಲ್ಲಿಗೆ ಬಂದ.

"ಕಾಕಾ, ಕಿಡಕಿ ಸಂಗತಿ ನೀವ ಬರೀರಿ. ಅರಮನಿ ಬಡಿಗ್ಯಾನ ಹೆಸರ ಏನಿತ್ತರೀ? ಹೆಸರ ಹಾಕಿದ್ರ ಛಲೋ ಕಾಣಸ್ತೈತಿ."

"ನೀಲವ್ವ" ಎಂದೆ.

"ನೀಲವ್ವ ಅಂದ್ರ... ನಿಮ್ಮವ್ವ ಅಲ್ಲರೀ?"

"ಹೌದು."

ಅವನು ನಕ್ಕ. ವಯಸ್ಸಾದವರು ಏನಾದರೂ ಹೇಳಿದಾಗ ಕಲಿತ ಹುಡುಗರು ನಗುವ ನಗೆ ಅದು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಹೋಗುವ ಮುನ್ನ ಇನ್ನೊಂದು ಮಾತು ಹೇಳಿದ. ಸೋಮವಾರ ಕಿಟಕಿಯವರು ಬರುತ್ತಾರೆ, ಹಳೆಯದನ್ನು ಕಿತ್ತು ಅಲ್ಯುಮಿನಿಯಂ ಕಿಟಕಿ ಕೂಡಿಸುತ್ತಾರೆ. "ಅರಮನೆ ಕಿಟಕಿ"ಯ ಫೋಟೋ ತೆಗೆದಿಟ್ಟುಕೊಂಡಿದ್ದಾನಂತೆ, ಪುಸ್ತಿಕೆಗೆ ಅಷ್ಟು ಸಾಕಂತೆ. ಅಂದರೆ ಸುಳ್ಳು ಅಚ್ಚಾಗಿ ಉಳಿಯುತ್ತದೆ, ನಿಜ ಹಳೆ ಸಾಮಾನು ಕೊಳ್ಳುವ ಮೋಡಕಾದವನ ಗಾಡಿ ಹತ್ತುತ್ತದೆ. ಅಂದು ಶುಕ್ರವಾರ. ನನಗೆ ಎರಡು ದಿನ ಉಳಿದಿದ್ದವು.

ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು. ಆಮೇಲಿನದನ್ನೆಲ್ಲ ಊರಿನ ವಾಚನಾಲಯದಲ್ಲಿ, ಮಗ್ಗದ ಬಿಡುವಿನಲ್ಲಿ, ಯಾರೂ ಕಲಿಸದೆ ಕಲಿತೆ. ಹಾಗೆ ಕಲಿತವನಿಗೆ ಒಂದು ಕೆಟ್ಟ ರೂಢಿ ಬೀಳುತ್ತದೆ. ಯಾರು ಏನೇ ಹೇಳಲಿ, ಹೇಳಿದವರು ಯಾರು, ಕಂಡವರು ಯಾರು ಎಂದು ಕೇಳದೆ ಮುಂದೆ ಹೋಗಲಾಗುವುದಿಲ್ಲ. ಈ ರೂಢಿ ನನಗೆ ಪುಸ್ತಕಗಳಿಂದ ಬಂತೆಂದು ಜನ ತಿಳಿದಿದ್ದಾರೆ. ಅದೂ ತಪ್ಪು. ಅದು ಬಂದದ್ದು ಈ ಕಿಟಕಿಗಳಿಂದ.

ಆಗಿನ ಮನೆಯನ್ನು ಹೇಳುತ್ತೇನೆ. ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ, ಮುಂದೆ ಪಡಸಾಲೆ, ಎಡಕ್ಕೆ ಮಗ್ಗದ ಕೋಣೆ. ಆ ಕೋಣೆಯ ಮೂಡಲ ಗೋಡೆಯಲ್ಲಿ ಎರಡು ಕಿಟಕಿಗಳಿದ್ದವು. ಸಾಗವಾನಿ ಚೌಕಟ್ಟು, ಕಬ್ಬಿಣದ ಸಳಿ, ಹಸಿರು ಬಣ್ಣ ಬಳಿದ ಕದಗಳು. ಕಿಟಕಿಗಳ ಬದಿಗೆ ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಿತ್ತು. ಅಪ್ಪ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತರೆ ಎಡಗಡೆಯಿಂದ ಬೆಳಗಿನ ಬೆಳಕು ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಬೀಳುತ್ತಿತ್ತು. ಅಪ್ಪನ ಬಲಗಣ್ಣು ಮೊದಲಿನಿಂದ ಮಂದ. ಆ ಎರಡು ಕಿಟಕಿಗಳ ಬೆಳಕಿನಲ್ಲಿ ಮಾತ್ರ ಅವನಿಗೆ ಕೆಂಪು ಎಳೆ, ಕಡುಗೆಂಪು ಎಳೆ ಬೇರೆಯಾಗಿ ಕಾಣುತ್ತಿದ್ದವು. ಊಟಕ್ಕೂ ಅವನು ಏಳುತ್ತಿರಲಿಲ್ಲ. ಅವ್ವ ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರ ಇಟ್ಟ ತಾಟನ್ನು ಕುಣಿಯ ದಂಡೆಯ ಮೇಲೇ ತಂದಿಡುವಳು. ಅಪ್ಪ ಕೈ ತೊಳೆದು, ಕಿಟಕಿಯ ಕಡೆಗೆ ಮುಖ ಮಾಡಿ ಉಣ್ಣುವನು. ಮನೆಯಲ್ಲಿ ಸದಾ ಎರಡು ವಾಸನೆ: ಒಲೆಯದು ಒಂದು, ಎಳೆಗಳಿಗೆ ಹಚ್ಚುವ ಗಂಜಿಯದು ಇನ್ನೊಂದು.

ಆ ಮನೆಯ ಹಿರಿಯ ದೊಡ್ಡಪ್ಪ, ಅಪ್ಪನ ಅಣ್ಣ. ಸೊಸೆಯಾದವಳು ಗಂಡನ ಅಣ್ಣನೊಡನೆ ನೇರ ಮಾತಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ, ನಾಲ್ಕು ಮೊಳ ಅಂತರದಲ್ಲಿ ನಿಂತಿದ್ದರೂ ಅವ್ವ ತಲೆಯ ಮೇಲೆ ಸೆರಗು ಹೊತ್ತು ನನಗೆ ಹೇಳುವಳು. ದೊಡ್ಡಪ್ಪನೂ ನನಗೇ ಹೇಳುವನು. ನಾನು ಒಪ್ಪಿಸಬೇಕು. ಕೇಳಿಸಿದ ಮಾತನ್ನೇ ಮತ್ತೆ ಹೇಳುವ ಈ ಕೆಲಸ ಹೊರಗಿನವರಿಗೆ ನಗೆ ತರಿಸೀತು, ನಮಗೆ ಅದು ಮರ್ಯಾದೆಯಾಗಿತ್ತು. ಲಾಳಿಯ ಹಾಗೆ ಈ ಕಡೆಯಿಂದ ಆ ಕಡೆಗೆ ಓಡಾಡಿ ನನಗೆ ಒಂದು ಗುಣ ಬಂತು. ಒಬ್ಬರ ಮಾತನ್ನು ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ಇನ್ನೊಬ್ಬರಿಗೆ ಮುಟ್ಟಿಸುವುದು.

ಒಂದು ಬೇಸಿಗೆಯ ಮುಂಜಾನೆ ದೊಡ್ಡಪ್ಪ ಎಲೆಯಡಿಕೆ ಉಗುಳಲು ಕಿಟಕಿಗೆ ಬಗ್ಗಿ, ಅಡಿಪಟ್ಟಿಯ ಮೇಲೆ ಕೈಯೂರಿದ. ನಾಲ್ಕೂ ಬೆರಳು ಕಟ್ಟಿಗೆಯೊಳಗೆ ಇಳಿದವು.

"ಎಲಾ ಇವನ! ಕಿಡಕಿ ಅಲ್ಲ ಇದು, ಪುಟಾಣಿ ಹಿಟ್ಟು!"

ಆಯಿ, ಅಂದರೆ ನನ್ನ ಅಪ್ಪನ ತಾಯಿ, ಬಾಗಿಲಲ್ಲಿ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದವಳು ತಲೆಯೆತ್ತದೆ ಹೇಳಿದಳು:

"ಗೆದ್ದಲ ತಿಂದಾವ. ತಿನ್ನದ ಏನ್ ಮಾಡ್ಯಾವು? ಹಗಲೆಲ್ಲಾ ಅಲ್ಲೇ ಉಗಳತಿ."

ದೊಡ್ಡಪ್ಪ ಎರಡನೆಯ ಕಿಟಕಿಯನ್ನೂ ಒತ್ತಿ ನೋಡಿದ. ಅದೂ ಹಾಗೆಯೇ. ಅವನು ತೀರ್ಮಾನಕ್ಕೆ ತಡ ಮಾಡುವ ಮನುಷ್ಯನಲ್ಲ.

"ಗೌಂಡಿನ ಕರಸ್ತೇನಿ. ಎರಡೂ ಕಿಡಕಿ ಕಿತ್ತು ಕಲ್ಲ ಇಟ್ಟ ಮುಚ್ಚಿಸಿಬಿಡೂಣು. ಮ್ಯಾಲ ಬೆಳಕಿಂಡಿ ಐತಲ್ಲ."

ಅಡುಗೆಮನೆಯ ಬಾಗಿಲಿನಿಂದ ಅವ್ವನ ದನಿ ಬಂತು.

"ಮಲ್ಯಾ, ದೊಡ್ಡಪ್ಪಗ ಹೇಳು. ಬೆಳಕಿಂಡಿ ಬೆಳಕು ತೆಲಿ ಮ್ಯಾಲ ಬೀಳ್ತೈತಿ, ಎಳಿ ಮ್ಯಾಲ ಬೀಳೂದಿಲ್ಲ ಅಂತ."

ನಾನು ಹೇಳಿದೆ.

"ನಿಮ್ಮವ್ವಗ ಹೇಳು. ಬನಹಟ್ಟಿ ಪಾವರ್‌ಲೂಮ್ ಶೆಡ್ಡಿನ್ಯಾಗ ಹಗಲಿ ಬಲ್ಪ್ ಹಚ್ಚಿರತಾರ. ನಿಮ್ಮಪ್ಪ ಅಲ್ಲಿ ಕೂಲಿಗೆ ಹೋಗ್ಲಿ. ಕುಣಿಮಗ್ಗ ಹಿಡಕೊಂಡ ಇನ್ನೆಷ್ಟ ದಿನ ಕುಂದರತಾನ?"

ಇದನ್ನು ಹೇಳಲು ನಾನು ತಿರುಗಿದೆ. ಅವ್ವನ ಮುಖ ನೋಡದೆ ಒಪ್ಪಿಸಿದೆ. ಅಪ್ಪ ಕುಣಿಯಲ್ಲಿ ಕುಳಿತಿದ್ದ, ಲಾಳಿ ಅವನ ಕೈಯಲ್ಲಿ ನಿಂತಿತ್ತು. ತನ್ನ ಮಗ್ಗದ ಒಡೆಯನಾಗಿದ್ದವನು ಇನ್ನೊಬ್ಬರ ಶೆಡ್ಡಿನಲ್ಲಿ ಹರಿದ ಎಳೆ ಗಂಟು ಹಾಕಲು ಹೋಗಬೇಕೆಂಬ ಮಾತು ಅವನ ಎದುರಿಗೇ ಆಗಿತ್ತು. ಅಣ್ಣನಿಗೆ ಎದುರಾಡಿ ಅವನಿಗೆ ಗೊತ್ತಿರಲಿಲ್ಲ. ಆಗ ಆಯಿ ಕಂಡಿಕೆಯ ರಾಟೆಯನ್ನು ನಿಲ್ಲಿಸಿದಳು.

"ಮಗ್ಗದ ಮ್ಯಾಲ ಹಾಸು ಇರೂತನಕ ಆ ಗ್ವಾಡಿಗೆ ಯಾರೂ ಕೈ ಹಚ್ಚಬ್ಯಾಡ್ರಿ. ಹಾಸು ಇಳೀಲಿ. ಆಮ್ಯಾಲ ಕಿತ್ತರ ಕೀಳ್ರಿ, ಮುಚ್ಚರ ಮುಚ್ರಿ."

ಇದು ನೇಕಾರ ಮನೆಗಳ ಕಟ್ಟಳೆ. ಮಗ್ಗದ ಮೇಲೆ ಅರ್ಧ ನೇಯ್ದ ಹಾಸು ಇದ್ದಾಗ ಅದರ ಸುತ್ತಿನ ನೆಲ, ಗೋಡೆ, ಕಂಬ ಯಾವುದನ್ನೂ ಅಲುಗಿಸುವುದಿಲ್ಲ. ಆ ಹಾಸಿನಲ್ಲಿ ಇನ್ನು ಮೂರು ಸೀರೆಗಳ ಎಳೆ ಉಳಿದಿತ್ತು. ಅಪ್ಪ ಎರಡು ದಿನಕ್ಕೆ ಒಂದು ಸೀರೆ ಇಳಿಸುತ್ತಿದ್ದ. ಅಂದರೆ ಆರು ದಿನ.

"ಮಲ್ಯಾ, ಆಯಿನ ಕೇಳು," ಅಂದಳು ಅವ್ವ. "ಗ್ವಾಡಿ ಮುಟ್ಟಬಾರದು, ಖರೆ. ಕಟಗಿ ಮುಟ್ಟಬಹುದೋ ಇಲ್ಲೋ?"

ಆಯಿಗೆ ಸೊಸೆಯ ಮೇಲೆ ಪ್ರೀತಿ ಹೆಚ್ಚೇನೂ ಇರಲಿಲ್ಲ, ಆದರೆ ಒಳ್ಳೆಯ ಪ್ರಶ್ನೆಯ ಮೇಲೆ ಇತ್ತು.

"ಗ್ವಾಡಿ ಬ್ಯಾರೆ, ಕಟಗಿ ಬ್ಯಾರೆ" ಎಂದು ಮತ್ತೆ ರಾಟೆ ತಿರುಗಿಸಿದಳು.

ಅವ್ವ ಬನಹಟ್ಟಿಯ ಮಗಳು. ಅವಳ ಅಪ್ಪ ನೇಕಾರನಷ್ಟೇ ಅಲ್ಲ, ಮಗ್ಗ ಹೂಡಿಕೊಡುವವನು. ಎಲ್ಲಿ ಮಗ್ಗದ ಮರ ಮುರಿದರೂ ಅವನನ್ನೇ ಕರೆಯುತ್ತಿದ್ದರು. ಗಂಡು ಮಕ್ಕಳಿಗಿಂತ ಮೊದಲು ಹುಟ್ಟಿದ ಅವ್ವ ಅವನ ಜೊತೆ ಉಳಿ ಹಿಡಿದು ಬೆಳೆದಿದ್ದಳು. ಆ ದಿನ ಮಧ್ಯಾಹ್ನ ಅವಳು ಹಳೆಯ ಲಾಳಿಯೊಂದನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಮುಂದೆ ನಿಲ್ಲಿಸಿದಳು.

"ಬಡಿ. ತುಂಬಿದ ಕೊಡ ಬಡದಂಗ ಸಪ್ಪಳಾದ್ರ ಜೀವ ಐತಿ. ಖಾಲಿ ಡಬ್ಬಿ ಸಪ್ಪಳಾದ್ರ ಇಲ್ಲ. ಜೀವ ಇಲ್ಲದಲ್ಲಿ ಇದ್ದಲಿಲೆ ಗೀಟ ಹಾಕು."

"ಎಲ್ಲಾ ಕಡಿ ಛಲೋನ ಕಾಣತೈತೆಲ್ಲ ಬೇ."

"ಬಣ್ಣ ಛಲೋ ಐತಿ. ನೀ ಕಟಗಿನ ಕೇಳು."

ಬಡಿದೆ. ಕೆಳಗಿನ ಅಡಿಪಟ್ಟಿ ಪೂರ್ತಿ ಡಬ್ಬಿ. ನಿಲುವುಪಟ್ಟಿಗಳು ಕೆಳಗಿನ ಒಂದು ಗೇಣು ಡಬ್ಬಿ, ಅಲ್ಲಿಂದ ಮೇಲೆ ತುಂಬಿದ ಕೊಡ. ಹಸಿರು ಬಣ್ಣ ಮಾತ್ರ ಮೇಲಿನಿಂದ ಕೆಳಗಿನವರೆಗೆ ಒಂದೇ ತೆರನಾಗಿ ಹೊಳೆಯುತ್ತಿತ್ತು. ಇಡೀ ಕಿಟಕಿಗೆ ಬಂದಿದೆಯೆಂದುಕೊಂಡಿದ್ದ ಸಾವು, ಗೀಟು ಹಾಕಿ ನೋಡಿದರೆ, ಕಾಲಿನಷ್ಟಕ್ಕೇ ಬಂದಿತ್ತು. ದೊಡ್ಡಪ್ಪ ಒಂದು ಕಡೆ ಬೆರಳಿಟ್ಟು ಎಲ್ಲವೂ ಹೋಯಿತೆಂದಿದ್ದ. ಎಲ್ಲ ಕಡೆ ಬಡಿಯದೆ ಏನನ್ನೂ ಹೇಳಬಾರದೆಂದು ನಾನು ಕಲಿತದ್ದು ಆ ಮಧ್ಯಾಹ್ನ.

ಅವ್ವ ಪುಡಿಯಾದ ಕಟ್ಟಿಗೆಯನ್ನು ಉಗುರಿನಿಂದ ಕೆದರಿ ಮೂಸಿ ನೋಡಿದಳು.

"ಇಲ್ಲಿ ಗಂಜಿ ನೀರ ಚೆಲ್ಲಾವ್ರ ಯಾರು?"

ಎಳೆಗಳಿಗೆ ಹಚ್ಚಿ ಉಳಿದ ಗಂಜಿಯನ್ನು ಸಂಜೆಗೊಮ್ಮೆ ಕಿಟಕಿಯಿಂದ ಹೊರಗೆ ಸುರಿಯುವ ಕೆಲಸ ನನ್ನದಾಗಿತ್ತು. ಅರ್ಧ ಹೊರಗೆ ಬೀಳುತ್ತಿತ್ತು, ಅರ್ಧ ಅಡಿಪಟ್ಟಿಯ ಮೇಲೆ ಇಳಿಯುತ್ತಿತ್ತು. ವರ್ಷಗಟ್ಟಲೆ ನಾನು ಗೆದ್ದಲುಗಳಿಗೆ ದಿನವೂ ಊಟ ಬಡಿಸಿದ್ದೆ. ಬೇಸಾಯಗಾರನ ಮನೆಯಲ್ಲಿ ಈ ತಪ್ಪು ಆಗುವುದಿಲ್ಲ. ಅಲ್ಲಿ ಗಂಜಿ ಎಮ್ಮೆಗೆ ಹೋಗುತ್ತದೆ.

"ನಾನ ಬೇ."

"ಚೆಲ್ಲು ಅಂತ ಹೇಳ್ದಾವ್ರ ಯಾರು?"

"ನೀನ."

ಅವ್ವ ನನ್ನನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಹಂಗಾರ ಇಬ್ರೂ ಕೂಡಿ ತಿನಸೇವಿ. ಇಬ್ರೂ ಕೂಡಿ ಹೊಂದಸೂಣು ನಡಿ."

ಮರುದಿನ ನಾವು ಬನಹಟ್ಟಿಗೆ ನಡೆದೆವು. ಮಾವ, ಅವ್ವನ ತಮ್ಮ, ಆಗಲೇ ಪಾವರ್‌ಲೂಮ್ ಹಾಕಿದ್ದ. ತೀರಿಹೋದ ಅಜ್ಜನ ಮಗ್ಗ ಬಿಚ್ಚಿ ಅಟ್ಟದ ಮೇಲೆ ಇಟ್ಟಿದ್ದರು. ಮಗ್ಗದ ಮರವನ್ನು ನಮ್ಮಲ್ಲಿ ಒಲೆಗೆ ಹಾಕುವುದಿಲ್ಲ. ಮಾನವಮಿಯ ಖಂಡೇಪೂಜೆಯಲ್ಲಿ ತಲೆಮಾರುಗಳಿಂದ ವಿಭೂತಿ ಹಚ್ಚಿಸಿಕೊಂಡ ಮರ ಅದು. ಉಪಯೋಗವಿಲ್ಲದಿದ್ದರೂ ಅಟ್ಟದಲ್ಲಿ ಇರುತ್ತದೆ. ಅವ್ವನಿಗೆ ಬೇಕಾಗಿದ್ದದ್ದು ಸುತ್ತುಮರ, ಅಂದರೆ ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ಚೌಕನೆಯ ಸಾಗವಾನಿ ತೊಲೆ. ಅದರ ಒಂದು ಬದಿಗೆ ಉದ್ದಕ್ಕೂ ಗಾಡಿ, ಅಂದರೆ ಕೊರೆದ ಸೀಳು, ಇರುತ್ತದೆ; ಬಟ್ಟೆಯ ತುದಿ ಸಿಕ್ಕಿಸಿದ ಕಡ್ಡಿ ಅದರಲ್ಲಿ ಕೂಡುತ್ತದೆ. ಅಜ್ಜನ ಸುತ್ತುಮರಕ್ಕೆ ಇನ್ನೊಂದು ಗುರುತಿತ್ತು. ಬಟ್ಟೆಯ ಅಗಲ ಕಣ್ಣಳತೆಗೆ ಸಿಗಲೆಂದು ಅವನು ತನ್ನ ಗೇಣಿಗೊಂದರಂತೆ ಸಣ್ಣ ಹಿತ್ತಾಳೆ ಮೊಳೆಗಳನ್ನು ಸಾಲಾಗಿ ಹೊಡೆದಿದ್ದ.

"ಅಕ್ಕಾ, ಸೀರಿ ಒಯ್ಯಾಕ ಬಾ ಅಂದ್ರ ಕಟಗಿ ಒಯ್ಯಾಕ ಬಂದೀಯಲ್ಲ!" ಎಂದ ಮಾವ.

"ಸೀರಿ ನಮ್ಮನ್ಯಾಗ ನೇಯ್ತಾರಪಾ. ಕಟಗಿ ನೇಯೂದಿಲ್ಲ."

ಸುತ್ತುಮರವನ್ನು ಮುಂದೆ ಅವ್ವ, ಹಿಂದೆ ನಾನು ಹೊತ್ತು ಹಗಲಿನಲ್ಲಿಯೇ ರಬಕವಿಗೆ ತಂದೆವು. ಉಳಿ, ಕೊಡತಿ, ಸಣ್ಣ ಗರಗಸ ಮಗ್ಗದ ರಿಪೇರಿಗೆಂದು ಮನೆಯಲ್ಲಿಯೇ ಇದ್ದವು. ಅವ್ವ ಹಾಸಿನ ಮೇಲೆ ಧೂಳು ಬೀಳದಂತೆ ಹಳೆಯ ಸೀರೆಯೊಂದನ್ನು ಅಡ್ಡ ಕಟ್ಟಿ, ಸುತ್ತುಮರವನ್ನು ನಡುವೆ ಕೊಯ್ಯತೊಡಗಿದಳು. ಎಡಗೈಯಿಂದ. ಅವ್ವ ಎಡಚಿ. ಎಡಗೈಯಲ್ಲಿ ಬಡಿಸಬಾರದು, ಎಡಗೈಯಲ್ಲಿ ಕುಂಕುಮ ಕೊಡಬಾರದು ಎಂದು ಮದುವೆಯಾದ ದಿನದಿಂದ ಆಯಿ ಅವಳ ಎಡಗೈಯನ್ನು ಸೆರಗಿನಲ್ಲಿ ಬಚ್ಚಿಡಿಸಿದ್ದಳು. ಬಲಗೈಯಲ್ಲಿ ರೊಟ್ಟಿ ತಟ್ಟುವಾಗ ಅವ್ವನ ಮುಖದಲ್ಲಿ ಯಾವಾಗಲೂ ಒಂದು ಎಚ್ಚರಿಕೆ ಇರುತ್ತಿತ್ತು. ಕಟ್ಟಿಗೆಯ ಕೆಲಸಕ್ಕೆ ಯಾವ ಕೈ ಎಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಸೊಸೆ ಗರಗಸ ಹಿಡಿದಾಳೆಂದು ಯಾರಿಗೂ ಹೊಳೆದಿರಲಿಲ್ಲ. ಆ ದಿನ ಮೊದಲ ಸಲ ನಾನು ಅವಳ ಎಡಗೈ ಬಿಡುಬೀಸಾಗಿ ಆಡಿದ್ದನ್ನು ಕಂಡೆ. ಎಷ್ಟು ಚೆಂದದ ಕೈ ಅದು! ಅಪ್ಪ ಲಾಳಿ ಹೊಡೆಯುವ ಕೈಗಿಂತ ಏನೂ ಕಡಿಮೆಯಿರಲಿಲ್ಲ.

"ಪೂರ್ತಿ ಹೊಸಾ ಕಿಡಕಿನ ಮಾಡಬಹುದಲ್ಲ ಬೇ?" ಎಂದು ಕೇಳಿದೆ.

"ಹೊಸಾ ಹಾಸು ಹ್ಯಾಂಗ ಹಚ್ಚತೇವಿ? ಹಳೇ ಎಳಿ ತುದಿ ಮಗ್ಗದಾಗ ಬಿಟ್ಟ, ಅದಕ್ಕ ಹೊಸಾ ಎಳಿ ಒಂದೊಂದ ಹೊಸೆದ ಕೂಡಸ್ತೇವಿ. ಹಳೇದನ್ನ ಪೂರಾ ಕಿತ್ತೊಗದ್ರ ಹೊಸಾ ಎಳಿಗೆ ದಾರಿ ತೋರಸಾವ್ರ ಯಾರು?"

ಹಾಗೆಯೇ ಮಾಡಿದಳು. ಚೌಕಟ್ಟಿಗೆ ಗೂಟಗಳ ಆಸರೆ ಕೊಟ್ಟು, ಗೀಟು ಹಾಕಿದಲ್ಲಿ ಸತ್ತ ಕಟ್ಟಿಗೆಯನ್ನು ಮಾತ್ರ ಓರೆಯಾಗಿ ಕತ್ತರಿಸಿ ತೆಗೆದಳು. ಅದೇ ಓರೆಗೆ ಹೊಸ ತುಂಡನ್ನು ಕೆತ್ತಿ, ಮರದ ಗೂಟ ಹೊಡೆದು ಕೂಡಿಸಿದಳು. ಸುತ್ತುಮರದ ಒಂದು ಅರ್ಧ ಒಂದು ಕಿಟಕಿಗೆ ಅಡಿಪಟ್ಟಿಯಾಯಿತು, ಇನ್ನೊಂದು ಅರ್ಧ ಇನ್ನೊಂದಕ್ಕೆ. ಮರದಲ್ಲಿದ್ದ ಗಾಡಿಗೆ ಅರಗು ಮತ್ತು ಕಟ್ಟಿಗೆ ಪುಡಿ ಕಾಸಿ ತುಂಬಿದಳು. ಗೋಡೆ ಮುಟ್ಟಬಾರದಲ್ಲ, ಅದಕ್ಕೆ ಅಡಿಪಟ್ಟಿಯ ತುದಿಗಳನ್ನು ಗೋಡೆಯೊಳಗೆ ಹುಗಿಯದೆ ಚೌಕಟ್ಟಿನ ಎರಡೂ ಪಕ್ಕಕ್ಕೆ ಕಿವಿಯ ಹಾಗೆ ಹೊರಗೇ ಬಿಟ್ಟಳು. ಕಾದ ಬೇವಿನೆಣ್ಣೆಯನ್ನು ನಾನು ಚಿಂದಿಯಲ್ಲಿ ಅದ್ದಿ ಮೂರು ಸಲ ಹಚ್ಚಿದೆ. ಆ ಮೇಲೆ ಗಂಜಿ ನೀರು ಎಮ್ಮೆಯಿದ್ದ ಪಕ್ಕದ ಮನೆಗೆ ಹೋಗತೊಡಗಿತು.

ಆದರೆ ಈ ಕೆಲಸ ಆರು ದಿನದ್ದಾಗಿರಲಿಲ್ಲ. ನಾಲ್ಕನೆಯ ದಿನಕ್ಕೆ ಒಂದು ಕಿಟಕಿಯೂ ಮುಗಿದಿರಲಿಲ್ಲ. ಆಗ ನಾನು ಮಗ್ಗದ ಸದ್ದು ಬದಲಾದದ್ದನ್ನು ಕೇಳಿದೆ. ಊರಲ್ಲಿ ಅಪ್ಪನಷ್ಟು ವೇಗವಾಗಿ ನೇಯುವವರು ಕಡಿಮೆ. ಅವನ ಮಗ್ಗ ಈಗ ಎತ್ತು ನೀರು ಕುಡಿದ ಹಾಗೆ ನಿಂತು ನಿಂತು ಸಾಗುತ್ತಿತ್ತು. ಆಯಿಗೂ ಅದು ಕೇಳಿಸಿತು.

"ಏನೋ, ಕೈಯಾಗ ಬ್ಯಾನಿ ಐತೇನು? ನಾಕ ದಿನಾ ಆತು, ಒಂದ ಸೀರಿ ಸೆರಗ ಮುಟ್ಟಿಲ್ಲ."

"ಎಳಿ ಹರ್ಯಾಕತ್ತಾವ ಬೇ."

"ಎಳಿ ತಾವ ಹರ್ಯಾ­ಕತ್ತಾವೋ, ನೀ ಹರ್ಯಾಕತ್ತೀಯೋ?"

ಕುಣಿಯ ಪಕ್ಕದಲ್ಲಿ ಕುಳಿತಿದ್ದ ನಾನು ಕಂಡೆ: ಅಪ್ಪ ಹೆಬ್ಬೆರಳಿನ ಉಗುರಿನಿಂದ ಒಂದು ಎಳೆಯನ್ನು ಚಿಟ್ಟನೆ ಹರಿದ. ಆಮೇಲೆ ಅದನ್ನು ಕಣ್ಣಿನ ಹತ್ತಿರ ತಂದು, ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಕೆಲಸವಿಲ್ಲವೆಂಬಂತೆ, ಗಂಟು ಹಾಕಿದ. ಆಮೇಲೆ ಇನ್ನೊಂದು. ಅಣ್ಣನಿಗೆ ಒಂದು ಮಾತೂ ಎದುರಾಡದ ನನ್ನ ಅಪ್ಪ ಆ ಮೂರು ಸೀರೆಗಳನ್ನು ಹನ್ನೆರಡು ದಿನ ನೇಯ್ದ. ಆ ಹನ್ನೆರಡು ದಿನ ಅವನೂ ಅವ್ವನೂ ಒಬ್ಬರಿಗೊಬ್ಬರು ಈ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವಳು ತಾಟು ತಂದಿಡುವಾಗ ಅವನು ಕಿಟಕಿಯ ಕಡೆಗೆ ನೋಡುವನು, ಅವಳು ಹಾಸಿನ ಕಡೆಗೆ ನೋಡುವಳು. ಎಷ್ಟು ಉಳಿದಿದೆಯೆಂದು ಇಬ್ಬರಿಗೂ ತಿಳಿಯುತ್ತಿತ್ತು.

ಹಾಸು ಇಳಿದ ಮರುದಿನ ಬೆಳಿಗ್ಗೆ ದೊಡ್ಡಪ್ಪ ಚೌಕಟ್ಟು ಕೀಳಲು ಬಡಿಗೇರ ಕಾಳಪ್ಪನನ್ನೂ, ಕಲ್ಲು ಇಡಲು ಗೌಂಡಿಯನ್ನೂ ಕರೆಸಿದ. ಅಷ್ಟು ದಿನ ಅವನು ಆ ಕೋಣೆಗೆ ಬಂದಿರಲೇ ಇಲ್ಲ. ಹೆಂಗಸು ಕಟ್ಟಿಗೆ ಕೆರೆಯುತ್ತ ಕುಳಿತ ಆಟ ತಾನಾಗಿ ಮುಗಿದೀತೆಂದು ಬಿಟ್ಟಿದ್ದ. ಕಾಳಪ್ಪ ಅಡ್ಡ ಕಟ್ಟಿದ ಸೀರೆಯನ್ನು ಸರಿಸಿದ. ಕಿಟಕಿಯ ಮುಂದೆ ನಿಂತ. ಹೆಗಲ ಮೇಲಿನ ಬಾಚಿಯನ್ನು ನೆಲಕ್ಕಿಟ್ಟು, ಬೆರಳ ಗೆಣ್ಣಿನಿಂದ ಅಡಿಪಟ್ಟಿ ಬಡಿದ, ನಿಲುವು ಬಡಿದ, ಕೂಡಿಸಿದ ಓರೆಯ ಮೇಲೆ ಉಗುರು ಎಳೆದ. ಉಗುರು ಎಲ್ಲಿಯೂ ತಡೆಯಲಿಲ್ಲ.

"ಯಾವೂರ ಬಡಿಗ್ಯಾರ್ರೀ ಇದನ್ನ ಮಾಡಿದ್ದು? ನಾ ಇದನ್ನ ಕಿತ್ರ ನನ್ನ ಉಳಿ ನನಗ ಬೈತೈತಿ."

ದೊಡ್ಡಪ್ಪನೂ ಹತ್ತಿರ ಬಂದು ನೋಡಿದ. ಅಡಿಪಟ್ಟಿಯ ಮೇಲೆ ಕೈಯೂರಿದ. ಈ ಸಲ ಬೆರಳು ಇಳಿಯಲಿಲ್ಲ. ಅವನ ಮುಖದಲ್ಲಿ ಮೆಚ್ಚುಗೆ ಬಂದದ್ದನ್ನು ನಾನು ಕಂಡೆ. ಅದರ ಹಿಂದೆಯೇ ಇನ್ನೊಂದು ಬಂತು. ಮನೆಯ ಸೊಸೆಯ ಕೈಗೆ ಉಳಿ ಕೊಟ್ಟು ಗಂಡಸರು ಕುಳಿತಿದ್ದರೆಂದು ಈ ಬಡಿಗೇರ ಓಣಿಯೆಲ್ಲ ಹೇಳಿಯಾನು ಎಂಬ ಹೆದರಿಕೆ. ಅವನು ಕೆಟ್ಟವನಲ್ಲ, ಮರ್ಯಾದೆಗೆ ಅಂಜುವವನು.

"ಜಮಖಂಡ್ಯಾಂವ. ಕರಸಿದ್ದೆ" ಎಂದ ದೊಡ್ಡಪ್ಪ.

ನಾನು ಅವ್ವನ ಕಡೆ ತಿರುಗಿದೆ. ಅಡುಗೆಮನೆಯ ಬಾಗಿಲಲ್ಲಿ ಸೆರಗು ಹೊತ್ತು ನಿಂತಿದ್ದಳು. ಒಪ್ಪಿಸಬೇಕಾದ ಮಾತಿಗಾಗಿ ನಾನು ಕಾದೆ. ಇಷ್ಟು ವರ್ಷ ಅವಳ ಪ್ರತಿ ಮಾತನ್ನೂ ಹೊತ್ತಿದ್ದೆ. ಇದನ್ನು ಹೊರಲು ನನ್ನಷ್ಟು ತಯಾರಾದವರು ಯಾರೂ ಇರಲಿಲ್ಲ. ತಡೆಯಲಾರದೆ ನಾನೇ ಬಾಯಿ ತೆರೆದೆ.

"ದೊಡ್ಡಪ್ಪಾ, ಅವ್ವ—"

"ಮಲ್ಯಾ," ಅಂದಳು ಅವ್ವ, "ಬಡಿಗ್ಯಾರಿಗೆ ನೀರ ತಂದ ಕೊಡು."

ನೀರು ತಂದುಕೊಟ್ಟೆ. ಕಾಳಪ್ಪ ಕುಡಿದು ಹೋದ. ಗೌಂಡಿ ಚಹಾ ಕುಡಿದು ಹೋದ. ಕಿಟಕಿಗಳು ಉಳಿದವು. ಅಪ್ಪ ಹೊಸ ಹಾಸು ಹೂಡಿ ಅದೇ ಬೆಳಕಿನಲ್ಲಿ ಕುಳಿತ, ಮಗ್ಗ ತನ್ನ ಹಳೆಯ ವೇಗಕ್ಕೆ ಮರಳಿತು. ಹಿತ್ತಲಲ್ಲಿ ನಾನು ಅವ್ವನ ಮೇಲೆ ಸಿಟ್ಟು ಮಾಡಿದೆ.

"ಯಾಕ ಹೇಳಲಿಲ್ಲ ಬೇ ನೀ?"

"ಕಿಡಕಿ ಉಳದ್ವಲ್ಲೋ. ನಿಮ್ಮಪ್ಪ ಬೆಳಕಿನ್ಯಾಗ ಕುಂತಾನ."

"ನಿನ್ನ ಹೆಸರು?"

"ನನ್ನ ಹೆಸರ ಹಚ್ಚಿದ್ರ ಎಳಿ ಇನ್ನಷ್ಟ ಛಲೋ ಕಾಣತಾವೇನು?"

ಈ ಮಾತಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅವಳ ಮಟ್ಟಿಗೆ ಅದು ಸರಿಯಿರಬಹುದು. ನನ್ನ ಮಟ್ಟಿಗೆ ಸರಿಯಲ್ಲ. ಕಿಟಕಿ ಮಾಡಿದವಳು ಅವ್ವ ಎಂಬುದು ನಾನು ಮುಟ್ಟಿಸದೆ ಉಳಿದ ಒಂದೇ ಒಂದು ಮಾತು, ಮತ್ತು ನಾನು ಮಾತು ಮುಟ್ಟಿಸಲೆಂದೇ ಬೆಳೆಸಿದ ಮಗ. ಅತ್ತ ದೊಡ್ಡಪ್ಪನ ಮಾತು ಬೆಳೆಯುತ್ತ ಹೋಯಿತು. ಮೊದಲು ಬರೀ "ಜಮಖಂಡಿಯವನು" ಇದ್ದ. ಜಮಖಂಡಿ ಎಂದ ಮೇಲೆ ಅರಮನೆ ತಾನಾಗಿ ಬಂತು. ನೇಕಾರನ ಮನೆಯಲ್ಲಿ ಗಂಜಿ ಚೆಲ್ಲಿ ಗೆದ್ದಲು ಸಾಕಿದರೆಂದು ಹೇಳಿಕೊಳ್ಳಲು ನಾಚಿಕೆ, ಅದಕ್ಕೆ ಹೊಳೆ ಬಂತು. ನನ್ನ ಮದುವೆಯಲ್ಲಿ ಬೀಗರ ಮುಂದೆ ಈ ಕಥೆ ಹೇಳಿದಾಗ ಅವ್ವ ಅಲ್ಲಿಯೇ ಬಲಗೈಯಿಂದ ಬಡಿಸುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿ ನಕ್ಕಳು. ಅಪ್ಪ ಕೊನೆಯವರೆಗೆ ತನ್ನ ಮಗ್ಗದಲ್ಲಿಯೇ ನೇಯ್ದ, ಯಾರ ಶೆಡ್ಡಿಗೂ ಹೋಗಲಿಲ್ಲ. ವಾಚನಾಲಯದಿಂದ ತಂದ ಪುಸ್ತಕಗಳನ್ನು ನಾನು ಅದೇ ಅಡಿಪಟ್ಟಿಯ ಮೇಲೆ ತೆರೆದಿಟ್ಟು ಓದಿದೆ. ನನಗೆ ತಿಳಿದದ್ದೆಲ್ಲ ಆ ಕಿಟಕಿಯಿಂದ ಬಂದ ಬೆಳಕಿನಲ್ಲಿ ತಿಳಿದದ್ದು. ಮನೆ ಪಾಲಾದಾಗ ಮಗ್ಗದ ಕೋಣೆಯ ನಡುವೆ ಗೋಡೆ ಎದ್ದಿತು. ಒಂದು ಕಿಟಕಿ ನಮ್ಮ ಕಡೆ ಉಳಿಯಿತು, ಇನ್ನೊಂದು ಅವರ ಕಡೆ ಹೋಯಿತು.

ಶನಿವಾರ ಬೆಳಿಗ್ಗೆ ನಾನು ಒಂದು ಚಾಕು, ಒಂದು ದಾರ, ಒಂದು ಹಾಳೆ ಹಿಡಿದು ಪ್ರವೀಣನ ಕಡೆಗೆ ಹೋದೆ. ಅವನ ಕಿಟಕಿಯ ಅಡಿಪಟ್ಟಿಯ ಬಣ್ಣ ಕೆರೆಯತೊಡಗಿದೆ.

"ಕಾಕಾ, ಏನ್ ಮಾಡಾಕತ್ತೀರಿ? ಸೋಮವಾರ ಹೆಂಗೂ ಕೀಳಾವ್ರ ಅದಾರ."

"ಅದಕ್ಕ ಇವತ್ತ ಮಾಡಾಕತ್ತೇನಿ. ಬಾ, ಇಲ್ಲಿ ನೋಡು."

ಬಣ್ಣದ ಪದರುಗಳ ಕೆಳಗೆ ಮೊದಲ ಹಿತ್ತಾಳೆ ಮೊಳೆ ಹೊಳೆಯಿತು. ಆಮೇಲೆ ಎರಡನೆಯದು. ಆಮೇಲೆ ಅರಗು ತುಂಬಿದ ಗಾಡಿ. ಪ್ರವೀಣ ಬಗ್ಗಿ ಬೆರಳಾಡಿಸಿದ.

"ಕಿಡಕಿಗೆ ಹಿತ್ತಾಳಿ ಮೊಳಿ ಯಾಕ ಹೊಡೀತಾರ್ರೀ?"

"ಕಿಡಕಿಗೆ ಯಾರೂ ಹೊಡೆಯೂದಿಲ್ಲ. ನೀ ನೇಕಾರ ಮನಿ ಹುಡುಗ. ಈ ಗಾಡಿ ಎಲ್ಲಿರತೈತಿ ಹೇಳು?"

ಅವನು ಮಗ್ಗದ ಮೇಲೆ ಎಂದೂ ಕುಳಿತವನಲ್ಲ. ಆದರೂ ಸ್ವಲ್ಪ ಹೊತ್ತು ನೋಡಿ, ಮೆಲ್ಲಗೆ, "ಸುತ್ತುಮರದಾಗ" ಅಂದ. ಆಮೇಲೆ ನನ್ನ ಕೈಯಿಂದ ಚಾಕು ತೆಗೆದುಕೊಂಡು ತಾನೇ ಕೆರೆಯತೊಡಗಿದ. ಬನಹಟ್ಟಿಯ ಅಟ್ಟದಿಂದ ಹಿಡಿದು ನಡೆದದ್ದನ್ನೆಲ್ಲ ನಾನು ಹೇಳಿದೆ. ಅವನು ಕೆರೆದು ಮುಗಿಸಿ ಎದ್ದು ಕಿಟಕಿಯವರಿಗೆ ಫೋನ್ ಹಚ್ಚಿದ. "ಸೋಮವಾರ ಬರಬ್ಯಾಡ್ರಿ" ಎಂದಷ್ಟೇ ಹೇಳಿದ. ಪುಸ್ತಿಕೆಯ ಹಾಳೆಯನ್ನು ತಂದು, ಬಡಿಗೇರನ ಹೆಸರಿಗಾಗಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಸ್ವಂತ ಕೈಯಿಂದ "ನೀಲವ್ವ" ಎಂದು ಬರೆದು ನನಗೆ ತೋರಿಸಿದ. ಅಕ್ಷರ ದುಂಡಗಿತ್ತು.

ನನ್ನ ಮಾತನ್ನೂ ಯಾರೂ ಹಾಗೆಯೇ ನಂಬಬೇಕಾಗಿಲ್ಲ. ಓರೆಯ ಮೇಲಿನ ಉಳಿಯ ಗುರುತುಗಳೆಲ್ಲ ಎಡಗೈಯವರ ಹೊಡೆತದ ಕಡೆಗೆ ಬಾಗಿವೆ. ಆದರೆ ಎಡಚ ಬಡಿಗೇರರು ಲೋಕದಲ್ಲಿ ಇಲ್ಲವೆಂದು ನಾನು ಹೇಳಲಾರೆ, ಆದ್ದರಿಂದ ಅದನ್ನು ಸಾಕ್ಷಿಯಾಗಿ ಇಡುವುದಿಲ್ಲ. ಅಳತೆಯನ್ನು ಇಡುತ್ತೇನೆ. ಎರಡೂ ಕಿಟಕಿಗಳಲ್ಲಿ ಮೊಳೆಯಿಂದ ಮೊಳೆಗೆ ಹನ್ನೆರಡು ಬೆರಳು, ನನ್ನ ಅಜ್ಜನ ಒಂದು ಗೇಣು. ನನ್ನ ಕಿಟಕಿಯ ಬಲಗಿವಿಯಲ್ಲಿ, ಕೊನೆಯ ಮೊಳೆಯಿಂದ ಕೊಯ್ದ ತುದಿಯವರೆಗೆ ಐದು ಬೆರಳು. ಗೋಡೆಯ ಆಚೆ, ಪ್ರವೀಣನ ಕಿಟಕಿಯ ಎಡಗಿವಿಯಲ್ಲಿ, ಕೊಯ್ದ ತುದಿಯಿಂದ ಮೊದಲ ಮೊಳೆಯವರೆಗೆ ಏಳು ಬೆರಳಿಗೆ ತುಸು ಕಡಿಮೆ. ಗರಗಸ ತುಸು ವಾಲಿ ಕೊಯ್ದ ಒಂದು ತುದಿಯ ಓರೆಯನ್ನು ಹಾಳೆಯ ಮೇಲೆ ಗೀಚಿ ಇನ್ನೊಂದರ ಮೇಲಿಟ್ಟರೆ ಕೂಡುತ್ತದೆ. ಆ ಹಾಳೆ ಈಗ ಪ್ರವೀಣನ ಹತ್ತಿರ ಇದೆ, ಎರಡೂ ಬಾಗಿಲು ಹಗಲೆಲ್ಲ ತೆರೆದಿರುತ್ತವೆ. ಬರುವವರು ದಾರ ತರಲಿ. ಈ ಕಡೆಯ ಐದನ್ನೂ ಆ ಕಡೆಯ ಏಳನ್ನೂ ಕೂಡಿಸಿದಾಗ ಗೇಣಿಗೆ ಒಂದು ಜೋಳದ ಕಾಳಿನಷ್ಟು ಕಡಿಮೆ ಬೀಳುತ್ತದೆ. ಅಷ್ಟು ಅವ್ವನ ಗರಗಸಕ್ಕೆ ಹೋಗಿದೆ.